ಒಂದೇ ನೀರಿಗೆ ಎರಡು ಅಂಕಿ: ಒಂದು ಲೆಟ್ಯೂಸ್ ತೋಟದಲ್ಲಿ ಪೋಷಕಾಂಶದ ಸಾಂದ್ರತೆ ಅಳೆದ ಪ್ರಕರಣ

ಹಿನ್ನೆಲೆ

ಬೆಂಗಳೂರಿನ ಉತ್ತರಕ್ಕಿರುವ ಒಂದು ತಾಲ್ಲೂಕಿನ ತೋಟದಲ್ಲಿ ನಡೆದ ಪ್ರಕರಣವಿದು. ಬೆಳೆಗಾರರ ಹೆಸರು, ಊರು, ಉಪಕರಣ ಮತ್ತು ಗೊಬ್ಬರ ತಯಾರಕರ ಹೆಸರುಗಳನ್ನು ಇಲ್ಲಿ ಕೊಟ್ಟಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲವಾಗುವಷ್ಟು ದುಂಡಗೆ ಮಾಡಿದ್ದೇನೆ.

ಬೆಳೆಗಾರರು ಹಲವು ವರ್ಷ ಪಾಲಿಹೌಸಿನಲ್ಲಿ ದಪ್ಪ ಮೆಣಸಿನಕಾಯಿ ಬೆಳೆದವರು. ಮಣ್ಣಿನಲ್ಲಿ ಜಂತುಹುಳುವಿನ ಬಾಧೆ ಹೆಚ್ಚಿ ಇಳುವರಿ ಕುಸಿದಾಗ ಅದೇ ಪಾಲಿಹೌಸಿನ ಒಂದು ಭಾಗದಲ್ಲಿ ಮಣ್ಣಿಲ್ಲದೆ ಲೆಟ್ಯೂಸ್ ಬೆಳೆಯಲು ಹೊರಟರು. ಅವರು ಆರಿಸಿಕೊಂಡದ್ದು ಇಳಿಜಾರಾಗಿ ಜೋಡಿಸಿದ ಕೊಳವೆಗಳಲ್ಲಿ ಪೋಷಕಾಂಶದ ದ್ರಾವಣ ತೆಳುವಾಗಿ ಹರಿದು ಮತ್ತೆ ತೊಟ್ಟಿಗೆ ಬಂದು ಸೇರುವ ಪದ್ಧತಿ. ತೊಟ್ಟಿ 1000 ಲೀಟರಿನದು, ನೀರು ಸ್ವಂತ ಕೊಳವೆಬಾವಿಯದು. ದಿನನಿತ್ಯದ ಉಸ್ತುವಾರಿ ಅವರ ಸೋದರಳಿಯನದು. ಆತ ಮೊದಲ ದಿನದಿಂದಲೂ ಒಂದು ನೋಟ್‌ಬುಕ್ಕಿನಲ್ಲಿ ಬೆಳಗಿನ ಅಳತೆಗಳನ್ನು ತಪ್ಪದೆ ಬರೆದಿಟ್ಟಿದ್ದ. ಆ ನೋಟ್‌ಬುಕ್ ಇಲ್ಲದಿದ್ದರೆ ಈ ಪ್ರಕರಣವನ್ನು ಬಿಡಿಸಲು ನಮಗೆ ಸಾಧ್ಯವೇ ಆಗುತ್ತಿರಲಿಲ್ಲ.

ಗೊಬ್ಬರವನ್ನು ಎ ಮತ್ತು ಬಿ ಎಂಬ ಎರಡು ಸಾಂದ್ರ ದ್ರಾವಣಗಳಾಗಿ ಕೊಂಡು ತರುತ್ತಿದ್ದರು. ಎ ದ್ರಾವಣದಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಕಬ್ಬಿಣದ ಚೆಲೇಟ್ (ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಡುವ ಸಂಯುಕ್ತ), ಬಿ ದ್ರಾವಣದಲ್ಲಿ ಸಲ್ಫೇಟ್, ಫಾಸ್ಫೇಟ್‌ಗಳು ಹಾಗೂ ಉಳಿದ ಲಘು ಪೋಷಕಾಂಶಗಳು ಇದ್ದವು. ಸಾಂದ್ರ ಸ್ಥಿತಿಯಲ್ಲೇ ಇವೆರಡನ್ನೂ ಬೆರೆಸಿದರೆ ಕ್ಯಾಲ್ಸಿಯಂ ಸಲ್ಫೇಟ್ ಮತ್ತು ಕ್ಯಾಲ್ಸಿಯಂ ಫಾಸ್ಫೇಟ್ ಗಷ್ಟಾಗಿ ತಳಕ್ಕಿಳಿಯುತ್ತವೆ. ಆದ್ದರಿಂದಲೇ ಎರಡು ಕ್ಯಾನುಗಳು. ಗೊಬ್ಬರದ ಜೊತೆ ಬಂದ ಸೂಚನಾಪತ್ರದಲ್ಲಿ ಲೆಟ್ಯೂಸಿಗೆ 1050 ಪಿಪಿಎಂ (ಹತ್ತು ಲಕ್ಷ ಪಾಲು ನೀರಿನಲ್ಲಿ ಕರಗಿದ ಲವಣದ ಪಾಲು) ಇರಲಿ, ಪಿಎಚ್ (ಆಮ್ಲ, ಕ್ಷಾರ ಗುಣದ ಅಳತೆ) 5.5ರಿಂದ 6.5ರೊಳಗಿರಲಿ ಎಂದಷ್ಟೇ ಬರೆದಿತ್ತು. ಅವರ ಬಳಿ ಇದ್ದ ಪೆನ್ ಆಕಾರದ ಟಿಡಿಎಸ್ (ಕರಗಿದ ಒಟ್ಟು ಲವಣದ) ಮೀಟರ್ 1050 ತೋರಿಸುವವರೆಗೆ ಎ ಮತ್ತು ಬಿ ಸುರಿಯುವುದು ಕ್ರಮವಾಯಿತು.

ಚಳಿಗಾಲದ ಮೊದಲ ಬೆಳೆ ಚೆನ್ನಾಗಿಯೇ ಬಂತು. ಹೋಟೆಲುಗಳಿಗೆ ಕೊಟ್ಟು ಒಳ್ಳೆಯ ಹೆಸರೂ ಪಡೆದರು. ಆ ಯಶಸ್ಸು ಮುಂದೆ ಕಾರಣ ಹುಡುಕುವಾಗ ದೊಡ್ಡ ಅಡ್ಡಿಯಾಯಿತು, ಏಕೆಂದರೆ ತಾವು ಅನುಸರಿಸುತ್ತಿರುವ ಅಂಕಿ ಸರಿಯಾಗಿದೆ ಎಂಬ ನಂಬಿಕೆ ಅದರಿಂದ ಗಟ್ಟಿಯಾಗಿತ್ತು.

ತೊಂದರೆ ಕಾಣಿಸಿಕೊಂಡದ್ದು

ಫೆಬ್ರವರಿ ಕೊನೆಯ ಹೊತ್ತಿಗೆ ಗಿಡಗಳ ಒಳಗಿನ ಎಳೆಯ ಎಲೆಗಳ ಅಂಚು ಕಂದಾಗಿ ಸುಟ್ಟಂತಾಗತೊಡಗಿತು. ಗಿಡ ಗಿಡ್ಡವಾಯಿತು, ಎಲೆ ದಪ್ಪಗಾಗಿ ಕಡುಹಸಿರು ತಳೆಯಿತು, ರುಚಿ ಕಹಿಯಾಯಿತು. ತೊಟ್ಟಿಯ ತಳದಲ್ಲಿ ಬಿಳಿಯ ಗಷ್ಟು ಕೂರತೊಡಗಿತು. ಮೀಟರ್ ಮಾತ್ರ ಪ್ರತಿದಿನ ಬೆಳಿಗ್ಗೆ 1050ರ ಆಸುಪಾಸಿನಲ್ಲೇ ನಿಂತಿತ್ತು.

ಒಳ ಎಲೆಯ ಅಂಚು ಸುಡುವುದು ಕ್ಯಾಲ್ಸಿಯಂ ಕೊರತೆಯ ಲಕ್ಷಣ ಎಂದು ಯಾರೋ ಹೇಳಿದರು. ಅದು ನಿಜ. ಅದನ್ನು ಕೇಳಿ ಕ್ಯಾಲ್ಸಿಯಂ ನೈಟ್ರೇಟನ್ನು ಹೆಚ್ಚುವರಿಯಾಗಿ ತೊಟ್ಟಿಗೆ ಹಾಕಿದ್ದು ಸಹಜವಾದ ನಿರ್ಧಾರ, ಆದರೆ ಅದರಿಂದ ರೋಗ ಇನ್ನಷ್ಟು ಉಲ್ಬಣಿಸಿತು. ಕ್ಯಾಲ್ಸಿಯಂ ಗಿಡದೊಳಗೆ ಸಾಗುವುದು ಬೇರಿನಿಂದ ಮೇಲೇರುವ ನೀರಿನ ಜೊತೆಗೆ. ಹೊರ ಎಲೆಗಳು ನೀರನ್ನು ಆವಿಯಾಗಿ ಬಿಡುವುದರಿಂದ ಅವುಗಳಿಗೆ ಕ್ಯಾಲ್ಸಿಯಂ ಧಾರಾಳವಾಗಿ ತಲುಪುತ್ತದೆ. ಮಡಿಕೆಯೊಳಗೆ ಮುಚ್ಚಿಕೊಂಡಿರುವ ಎಳೆಯ ಎಲೆಗಳಿಂದ ನೀರು ಆವಿಯಾಗುವುದೇ ಕಡಿಮೆಯಾದ್ದರಿಂದ ಅವುಗಳ ಪಾಲಿಗೆ ಬರುವುದು ಅತ್ಯಲ್ಪ. ಬೇರಿನ ಸುತ್ತಲಿನ ದ್ರಾವಣ ಗಡುಸಾದಷ್ಟೂ, ಅಂದರೆ ಅದರಲ್ಲಿ ಲವಣ ಹೆಚ್ಚಿದಷ್ಟೂ, ಬೇರು ನೀರನ್ನು ಎಳೆದುಕೊಳ್ಳುವುದು ಕಷ್ಟವಾಗುತ್ತದೆ, ನೀರಿನೊಂದಿಗೆ ಕ್ಯಾಲ್ಸಿಯಂ ಸಾಗಣೆಯೂ ಕುಗ್ಗುತ್ತದೆ. ತೊಟ್ಟಿಯಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದೂ ಎಳೆ ಎಲೆಯಲ್ಲಿ ಕೊರತೆ ಕಾಣಿಸುವುದು ಹೀಗೆ.

ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ಹೊಸ ದ್ರಾವಣ ತುಂಬಿಸಿದಾಗ ಗಿಡಗಳು ಒಂದು ವಾರ ಚೇತರಿಸಿಕೊಂಡವು, ಆಮೇಲೆ ಮತ್ತೆ ಅದೇ ಸ್ಥಿತಿ. ಅಂಕಿ ಒಂದೇ ಇರುವಾಗ ಹೊಸ ದ್ರಾವಣಕ್ಕೂ ಹಳೆಯದಕ್ಕೂ ಗಿಡಗಳು ಬೇರೆ ಬೇರೆಯಾಗಿ ಸ್ಪಂದಿಸುತ್ತಿವೆ ಎಂದಾದರೆ, ಆ ಅಂಕಿಯ ಹಿಂದೆ ಏನೋ ಬದಲಾಗುತ್ತಿದೆ ಎಂದೇ ಅರ್ಥ. ಆ ಹೊತ್ತಿಗೆ ಇದು ಯಾರಿಗೂ ಹೊಳೆಯಲಿಲ್ಲ, ಎಲ್ಲರೂ ಮೀಟರನ್ನೇ ಸಂಶಯಿಸಿದರು.

ಎರಡನೆಯ ಮೀಟರ್

ಸೋದರಳಿಯ ಬೇರೊಂದು ತಯಾರಕರ ಮೀಟರ್ ಕೊಂಡು ತಂದ. ಹಳೆಯ ಮೀಟರ್ 1050 ತೋರಿಸಿದ ದ್ರಾವಣದಲ್ಲೇ ಹೊಸದು 1470 ತೋರಿಸಿತು. “ಮಾವ, ಹಳೇ ಮೀಟರ್ ಕೆಟ್ಟೋಗಿದೆ, ಅದನ್ನ ನಂಬ್ಕೊಂಡೇ ನಾವು ಇಷ್ಟು ದಿನ ಹಾಳಾದ್ವಿ” ಎಂದು ಆತ ತೀರ್ಮಾನಿಸಿದ. ನಾನು ಈ ತೋಟಕ್ಕೆ ಸಲಹೆಗಾಗಿ ಹೋದದ್ದು ಈ ಹಂತದಲ್ಲಿ.

ಎರಡು ಮೀಟರುಗಳಿಂದಲೂ ಬರೀ ಕೊಳವೆಬಾವಿ ನೀರನ್ನು ಅಳೆಸಿದಾಗ ಒಂದು 450, ಇನ್ನೊಂದು 630 ತೋರಿಸಿತು. 1050ಕ್ಕೆ 1470, 450ಕ್ಕೆ 630: ಎರಡರಲ್ಲೂ ಅನುಪಾತ ಸರಿಯಾಗಿ 1.4. ಕೆಟ್ಟ ಮೀಟರ್ ಇಷ್ಟು ನಿಯಮಬದ್ಧವಾಗಿ ಕೆಡುವುದಿಲ್ಲ. ಎರಡನ್ನೂ ಪ್ರತಿ ಸೆಂಟಿಮೀಟರಿಗೆ 1.413 ಮಿಲಿಸೀಮೆನ್ಸ್ ಇರುವ ಪೊಟ್ಯಾಸಿಯಂ ಕ್ಲೋರೈಡ್ ಮಾನಕ ದ್ರಾವಣದಲ್ಲಿ ಅದ್ದಿ, ಪಿಪಿಎಂ ಬಿಟ್ಟು ವಿದ್ಯುತ್ ವಾಹಕತೆಯ ಕ್ರಮದಲ್ಲಿ, ಅಂದರೆ ಇಸಿ ಕ್ರಮದಲ್ಲಿ ಓದಿದಾಗ ಎರಡೂ ಹೆಚ್ಚುಕಡಿಮೆ ಒಂದೇ ಅಂಕಿ ಕೊಟ್ಟವು.

ಇಂಥ ಯಾವ ಮೀಟರೂ ನೀರಿನಲ್ಲಿ ಕರಗಿದ ಲವಣದ ತೂಕವನ್ನು ನೇರವಾಗಿ ಅಳೆಯುವುದಿಲ್ಲ. ಅದು ಅಳೆಯುವುದು ಲವಣ ಹೆಚ್ಚಿದಂತೆ ಏರುವ ಇಸಿಯನ್ನು ಮಾತ್ರ. ಆಮೇಲೆ ಒಳಗಿನ ಒಂದು ಗುಣಕದಿಂದ ಅದನ್ನು ಪಿಪಿಎಂ ಮಾಡಿ ತೋರಿಸುತ್ತದೆ. ಕೆಲವು ತಯಾರಕರು ಇಸಿಯನ್ನು 500ರಿಂದ ಗುಣಿಸುತ್ತಾರೆ, ಕೆಲವರು 700ರಿಂದ. ತೋಟದ ಹಳೆಯ ಮೀಟರ್ 500ರದ್ದು, ಹೊಸದು 700ರದ್ದು. ಸೂಚನಾಪತ್ರದ 1050 ಯಾವ ಗುಣಕದ ಮೇಲೆ ನಿಂತದ್ದೆಂದು ಅದರಲ್ಲಿ ಬರೆದಿರಲಿಲ್ಲ. ಮಾರಿದವರನ್ನು ವಿಚಾರಿಸಿದಾಗ 700 ಎಂದು ತಿಳಿಯಿತು. ಅಂದರೆ ಅವರ ಉದ್ದೇಶ ಇಸಿ 1.5 ಆಗಿತ್ತು, ತೋಟದಲ್ಲಿ ಇದ್ದದ್ದು 2.1. ನನ್ನ ದೃಷ್ಟಿಯಲ್ಲಿ ಗುಣಕ ಹೇಳದೆ ಪಿಪಿಎಂ ಮಾತ್ರ ಬರೆಯುವ ಸೂಚನಾಪತ್ರ ಬೆಳೆಗಾರರಿಗೆ ಮಾಡುವ ಅನ್ಯಾಯ. ಇಸಿ ಎಂದು ಬರೆದಿದ್ದರೆ ಈ ಗೊಂದಲಕ್ಕೆ ಎಡೆಯೇ ಇರುತ್ತಿರಲಿಲ್ಲ.

ಒಂದು ತಪ್ಪನ್ನು ಮಾತ್ರ ತಿದ್ದಿದರೆ

ಕಾರಣ ಸಿಕ್ಕಿತೆಂಬ ಸಮಾಧಾನದಲ್ಲಿ ಬೆಳೆಗಾರರು ಮರುದಿನವೇ ಅರ್ಧ ತೊಟ್ಟಿ ದ್ರಾವಣವನ್ನು ಪಕ್ಕದ ಹಿಪ್ಪುನೇರಳೆ ಸಾಲಿಗೆ ಹರಿಸಿ, ಅಷ್ಟೇ ಕೊಳವೆಬಾವಿ ನೀರು ತುಂಬಿಸಿ ಇಸಿಯನ್ನು 1.5ಕ್ಕೆ ಇಳಿಸಿದರು. ಕೆಳಗಿನ ಎಲೆಗಳು ಒಂದು ವಾರದೊಳಗೆ ಬಿಳಿಚಿಕೊಂಡವು, ಎಳೆಯ ಎಲೆಗಳಲ್ಲಿ ನರಗಳ ನಡುವೆ ಹಳದಿ ಹರಡಿತು. ಪಿಎಚ್ ಸಂಜೆ ಇಳಿಸಿದರೆ ಬೆಳಿಗ್ಗೆ 7 ದಾಟಿರುತ್ತಿತ್ತು. ಹಳೆಯ ತಪ್ಪು ಅಂಕಿಯೇ ವಾಸಿಯಿತ್ತೆಂದು ಬೆಳೆಗಾರರಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇಡೀ ಪ್ರಕರಣದ ತಿರುಳು ಇಲ್ಲಿದೆ. ಕೊಳವೆಬಾವಿ ನೀರಿನ ಇಸಿಯೇ 0.9. ಒಟ್ಟು 2.1 ಇದ್ದಾಗ ಅದರಲ್ಲಿ ಗೊಬ್ಬರದಿಂದ ಬಂದ ಪಾಲು 1.2; ಒಟ್ಟನ್ನು 1.5ಕ್ಕೆ ಇಳಿಸಿದಾಗ ಗೊಬ್ಬರದ ಪಾಲು 0.6ಕ್ಕೆ, ಅಂದರೆ ಸರಿಯಾಗಿ ಅರ್ಧಕ್ಕೆ ಕುಸಿಯಿತು. ಸೂಚನಾಪತ್ರ ಬರೆದವರ ಮನಸ್ಸಿನಲ್ಲಿದ್ದದ್ದು ಲವಣವೇ ಇಲ್ಲದಷ್ಟು ಮೃದುವಾದ ನೀರು. ತೋಟದಲ್ಲಿ ಎರಡು ತಪ್ಪುಗಳು ಒಟ್ಟಿಗೇ ಇದ್ದವು: ಗುಣಕದ ಗೊಂದಲ ದ್ರಾವಣವನ್ನು ಹೆಚ್ಚು ಗಡುಸು ಮಾಡುತ್ತಿತ್ತು, ನೀರಿನ ಸ್ವಂತ ಲವಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ್ದು ಗೊಬ್ಬರದ ಪಾಲನ್ನು ಕಡಿಮೆ ಮಾಡುತ್ತಿತ್ತು. ಚಳಿಗಾಲದಲ್ಲಿ ಒಂದು ಇನ್ನೊಂದನ್ನು ಸರಿದೂಗಿಸಿತ್ತು. ಆಗ ಗಿಡ ಕುಡಿಯುವ ನೀರೂ ಕಡಿಮೆ, 2.1ರ ಗಡುಸನ್ನು ಲೆಟ್ಯೂಸ್ ಹೇಗೋ ತಾಳಿಕೊಂಡಿತು. ಬಿಸಿಲೇರಿದಾಗ ಆ ತಾಳಿಕೆ ಮುಗಿಯಿತು.

ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ ತರಿಸಿದ ವರದಿಯಲ್ಲಿ ಪ್ರತಿ ಲೀಟರಿಗೆ ಕ್ಯಾಲ್ಸಿಯಂ 80, ಮೆಗ್ನೀಸಿಯಂ 30, ಸೋಡಿಯಂ 58, ಕ್ಲೋರೈಡ್ 89, ಬೈಕಾರ್ಬನೇಟ್ 305 ಮಿಲಿಗ್ರಾಂ ಇತ್ತು. ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಂದ ಬರುವ ಗಡಸುತನ, ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ, ಸುಮಾರು 320 ಮಿಲಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ 200ರವರೆಗೆ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ಅನುಮತಿಯಿದೆ. ಆದ್ದರಿಂದ ಮನೆಮಂದಿ ಕುಡಿಯುತ್ತಿದ್ದ ಈ ನೀರಿನ ಬಗ್ಗೆ ಅವರಿಗೆ ಸಂಶಯ ಬರಲು ಕಾರಣವೇ ಇರಲಿಲ್ಲ.

ವರದಿಯ ಎರಡು ಸಂಗತಿಗಳನ್ನು ಬಿಡಿಸಿ ಹೇಳಬೇಕು. ಮೊದಲನೆಯದು ಬೈಕಾರ್ಬನೇಟ್. 305 ಮಿಲಿಗ್ರಾಂ ಎಂದರೆ ಲೀಟರಿಗೆ 5 ಮಿಲಿ ಈಕ್ವಿವಲೆಂಟ್ (ಆಮ್ಲ ಎಷ್ಟು ಬೇಕೆಂದು ಲೆಕ್ಕ ಹಾಕುವ ಮಾನ). ಪಿಎಚ್ ಮತ್ತೆ ಮತ್ತೆ ಏರುತ್ತಿದ್ದುದು ಇದರಿಂದಲೇ. ಈ ಐದರಲ್ಲಿ ನಾಲ್ಕನ್ನು ತಟಸ್ಥಗೊಳಿಸಲು ಫಾಸ್ಫಾರಿಕ್ ಆಮ್ಲವನ್ನು ಮಾತ್ರ ಬಳಸಿದರೆ ದ್ರಾವಣಕ್ಕೆ ಲೀಟರಿಗೆ 124 ಮಿಲಿಗ್ರಾಂ ರಂಜಕ ಸೇರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೋಗ್ಲಂಡ್ ಮತ್ತು ಅರ್ನಾನ್ ರೂಪಿಸಿದ ಪ್ರಸಿದ್ಧ ದ್ರಾವಣದಲ್ಲಿ ರಂಜಕ ಇರುವುದು 31 ಮಿಲಿಗ್ರಾಂ. ಇಲ್ಲಿ ಆಮ್ಲವೊಂದರಿಂದಲೇ ಅದರ ನಾಲ್ಕರಷ್ಟು ಬರುತ್ತಿತ್ತು. ಆ ರಂಜಕ ನೀರಿನ ಕ್ಯಾಲ್ಸಿಯಮ್ಮಿನೊಡನೆ ಕೂಡಿ ತಳದಲ್ಲಿ ಬಿಳಿ ಗಷ್ಟಾಗಿ ಕೂರುತ್ತಿತ್ತು. ಪಿಎಚ್ ಏರಿದಾಗ ಕಬ್ಬಿಣವೂ ಗಿಡಕ್ಕೆ ದಕ್ಕುವುದಿಲ್ಲ; ಅವರ ಗೊಬ್ಬರದಲ್ಲಿದ್ದ ಇಡಿಟಿಎ ಚೆಲೇಟ್ ಪಿಎಚ್ 6.5 ದಾಟಿದ ಮೇಲೆ ಕಬ್ಬಿಣವನ್ನು ಹಿಡಿದಿಡಲಾರದು. ಎಳೆ ಎಲೆಯ ಹಳದಿಗೆ ಕಾರಣ ಇದು.

ಎರಡನೆಯದು ಸೋಡಿಯಂ ಮತ್ತು ಕ್ಲೋರೈಡ್. ಗಿಡ ಇವೆರಡನ್ನೂ ಹೀರುವುದು ಸ್ವಲ್ಪವೇ, ಆದರೆ ನೀರನ್ನು ಕುಡಿಯುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಈ ತೊಟ್ಟಿಗೆ ದಿನಕ್ಕೆ ಸುಮಾರು 150 ಲೀಟರ್ ನೀರು ಮರುಪೂರಣ ಬೇಕಾಗುತ್ತಿತ್ತು. ಹತ್ತು ದಿನದಲ್ಲಿ 1500 ಲೀಟರ್. ಗಿಡ ಸೋಡಿಯಂ ಹೀರುವುದೇ ಇಲ್ಲವೆಂದಿಟ್ಟುಕೊಂಡರೆ, 58ರಲ್ಲಿದ್ದದ್ದು ಹತ್ತು ದಿನಕ್ಕೆ 145 ಆಗುತ್ತದೆ. ಸೋಡಿಯಂ, ಕ್ಲೋರೈಡ್ ಎರಡೇ ಸೇರಿ ಇಸಿಯಲ್ಲಿ ತಮ್ಮ ಪಾಲನ್ನು ಸುಮಾರು 0.3ರಿಂದ 0.7ಕ್ಕೆ ಏರಿಸಿಕೊಳ್ಳುತ್ತವೆ. ಸೋದರಳಿಯ ಒಟ್ಟು ಇಸಿಯನ್ನು ಸ್ಥಿರವಾಗಿ ಇಟ್ಟಿದ್ದನಾದ್ದರಿಂದ, ಆ ಏರಿಕೆಯಷ್ಟೇ ಪ್ರಮಾಣದಲ್ಲಿ ಗೊಬ್ಬರದ ಪಾಲು ದಿನದಿನಕ್ಕೆ ಕರಗುತ್ತ ಹೋಯಿತು. ಇಸಿ ಎಂಬುದು ಸಂತೆಯ ಚೀಲವನ್ನು ತಕ್ಕಡಿಗಿಟ್ಟಂತೆ. ಒಟ್ಟು ತೂಕ ಹೇಳುತ್ತದೆಯೇ ಹೊರತು ಅಕ್ಕಿ ಎಷ್ಟು, ಕಲ್ಲು ಎಷ್ಟು ಎಂದು ಹೇಳುವುದಿಲ್ಲ. ತೊಟ್ಟಿ ಬದಲಿಸಿದ ಮೇಲೆ ಒಂದು ವಾರ ಮಾತ್ರ ಗಿಡ ಚೇತರಿಸಿಕೊಳ್ಳುತ್ತಿದ್ದ ಒಗಟು ಇಲ್ಲಿಗೆ ಬಿಡಿಸಿಕೊಂಡಿತು.

ಮೂರು ಸಾಲು, ಮೂರು ಡ್ರಮ್ಮು

ಈ ಹಂತದಲ್ಲಿ ಬೆಳೆಗಾರರು ತೆಗೆದುಕೊಂಡ ನಿರ್ಧಾರವನ್ನು ನಾನು ತುಂಬ ಮೆಚ್ಚುತ್ತೇನೆ. ಕೈ ಸುಟ್ಟುಕೊಂಡಿದ್ದ ಅವರು ಇಡೀ ತೋಟವನ್ನು ಇನ್ನೊಂದು ಸಲಹೆಗೆ ಒಡ್ಡಲು ಒಪ್ಪಲಿಲ್ಲ. ಬದಲಿಗೆ ಮೂರು ಸಾಲುಗಳನ್ನು ಮುಖ್ಯ ತೊಟ್ಟಿಯಿಂದ ಬಿಡಿಸಿ, ಪ್ರತಿಯೊಂದಕ್ಕೂ 200 ಲೀಟರಿನ ಒಂದು ಡ್ರಮ್ಮು, ಕೂಲರಿಗೆ ಹಾಕುವ ಒಂದು ಸಣ್ಣ ಪಂಪು ಜೋಡಿಸಿದರು. ಮೊದಲನೆಯದರಲ್ಲಿ ಹಳೆಯ ಕ್ರಮ, ಅಂದರೆ ಕೊಳವೆಬಾವಿ ನೀರು, ಇಸಿ 2.1. ಎರಡನೆಯದರಲ್ಲಿ ಅದೇ ನೀರು, ಇಸಿ 1.5. ಮೂರನೆಯದಕ್ಕೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನುಗಳಲ್ಲಿ ತಂದ ಆರ್‌ಒ ನೀರು ಎರಡು ಪಾಲು, ಕೊಳವೆಬಾವಿ ನೀರು ಒಂದು ಪಾಲು. ಈ ಮಿಶ್ರಣದ ಇಸಿ 0.34, ಗೊಬ್ಬರ ಸೇರಿಸಿ 1.5ಕ್ಕೆ ತಂದಾಗ ಗೊಬ್ಬರದ ಪಾಲು 1.16. ಒಂದನೆಯ ಡ್ರಮ್ಮಿನಷ್ಟೇ ಆಹಾರ, ಎರಡನೆಯ ಡ್ರಮ್ಮಿನಷ್ಟೇ ಗಡುಸು. ಬೈಕಾರ್ಬನೇಟ್ ಮೂರನೆಯ ಒಂದಕ್ಕೆ ಇಳಿದದ್ದರಿಂದ ಆಮ್ಲವೂ ಅಲ್ಪವೇ ಸಾಕಾಯಿತು. 1000 ಲೀಟರಿನ ಲೆಕ್ಕದಲ್ಲಿ ಶೇ. 85ರ ಫಾಸ್ಫಾರಿಕ್ ಆಮ್ಲ 68 ಮಿಲಿಲೀಟರ್. ಆಮ್ಲವನ್ನು ನೀರಿಗೆ ಹಾಕಬೇಕು, ಆಮ್ಲಕ್ಕೆ ನೀರು ಸುರಿಯಬಾರದು, ಕೈಗವಸು ಮತ್ತು ಕನ್ನಡಕ ಇಲ್ಲದೆ ಕ್ಯಾನ್ ತೆರೆಯಬಾರದು ಎಂಬುದನ್ನು ಆ ಮನೆಯಲ್ಲಿ ಕಟ್ಟುನಿಟ್ಟಾಗಿ ಹೇಳಿದೆ, ಇಲ್ಲಿಯೂ ಹೇಳುತ್ತಿದ್ದೇನೆ.

ಅಳೆಯುವ ಕ್ರಮವನ್ನೂ ಬದಲಿಸಿದರು. ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಮೊದಲು ನೀರಿನ ಮಟ್ಟ ಗುರುತು ಹಾಕಿ ಇಸಿ ಓದುವುದು. ಬಳಿಕ ನೀರು ತುಂಬಿಸಿ, ಕಾಲು ಗಂಟೆ ಸುತ್ತಾಡಲು ಬಿಟ್ಟು ಮತ್ತೆ ಇಸಿ ಓದುವುದು. ಬೇಕಿದ್ದರೆ ಎ, ಆಮೇಲೆ ಬಿ ಸೇರಿಸುವುದು. ಪಿಎಚ್ ತಿದ್ದುವುದು ಎಲ್ಲಕ್ಕೂ ಕೊನೆಗೆ. ನೀರು ತುಂಬಿಸುವ ಮೊದಲಿನ ಓದೇ ಹೆಚ್ಚು ಮುಖ್ಯ. ಮಟ್ಟ ಇಳಿದು ಇಸಿ ಏರಿದ್ದರೆ ಗಿಡ ಆಹಾರಕ್ಕಿಂತ ನೀರನ್ನೇ ಹೆಚ್ಚು ಕುಡಿದಿದೆ, ದ್ರಾವಣ ಆ ಹವೆಗೆ ಗಡುಸಾಗಿದೆ. ಇಸಿಯೂ ಇಳಿದಿದ್ದರೆ ಗಿಡ ಹಸಿದಿದೆ. ಅವರ ಸಾಂದ್ರ ದ್ರಾವಣಗಳನ್ನು 100 ಲೀಟರಿಗೆ ತಲಾ 100 ಮಿಲಿಲೀಟರ್ ಹಾಕಿದರೆ ಇಸಿ ಸುಮಾರು 0.2 ಏರುತ್ತದೆಂದು ಅಳೆದು ಗೋಡೆಯ ಮೇಲೆ ಬರೆದುಕೊಂಡರು. ಅಲ್ಲಿಂದಾಚೆಗೆ ಅಂದಾಜಿಗೆ ಸುರಿದು ಕಾಯುವ ಪದ್ಧತಿ ನಿಂತಿತು.

ಇಳಿಸುವ ಲೆಕ್ಕವೂ ಅಷ್ಟೇ ಸರಳ. ಈಗಿನ ಇಸಿಯಿಂದ ಬೇಕಾದ ಇಸಿಯನ್ನು ಕಳೆಯಬೇಕು, ಈಗಿನ ಇಸಿಯಿಂದ ತುಂಬುವ ನೀರಿನ ಇಸಿಯನ್ನು ಕಳೆಯಬೇಕು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ತೊಟ್ಟಿಯ ಲೀಟರಿನಿಂದ ಗುಣಿಸಬೇಕು. ಬಂದಷ್ಟು ದ್ರಾವಣ ತೆಗೆದು ಅಷ್ಟೇ ನೀರು ತುಂಬಬೇಕು. 1000 ಲೀಟರನ್ನು 2.1ರಿಂದ 1.5ಕ್ಕೆ ಇಳಿಸಲು ಕೊಳವೆಬಾವಿ ನೀರಿನಲ್ಲಾದರೆ 500 ಲೀಟರ್ ಬದಲಿಸಬೇಕು, ಮಿಶ್ರಣದ ನೀರಿನಲ್ಲಾದರೆ 341 ಲೀಟರ್ ಸಾಕು.

ಏನಾಯಿತು

ಮೊದಲ ಡ್ರಮ್ಮಿನ ಸಾಲಿನಲ್ಲಿ ಅಂಚು ಸುಡುವುದು ಮುಂದುವರಿಯಿತು. ಎರಡನೆಯದರಲ್ಲಿ ಸುಡುವುದು ಕಡಿಮೆಯಾದರೂ ಗಿಡಗಳು ಬಡಕಲಾಗಿ, ಬಿಳಿಚಿಕೊಂಡೇ ಉಳಿದವು. ಮೂರನೆಯದು ಕಣ್ಣಿಗೆ ಕಾಣುವಂತೆ ಬೇರೆಯೇ ಆಗಿತ್ತು. ಬೇರು ಬೆಳ್ಳಗಿತ್ತು, ಎಲೆ ಅಗಲವಾಗಿ ಮೃದುವಾಗಿತ್ತು, ಪಿಎಚ್ ಎರಡು ಮೂರು ದಿನ ಒಂದೇ ಕಡೆ ನಿಲ್ಲುತ್ತಿತ್ತು. ಆದರೂ ಗಾಳಿಯಾಡದ ಪಶ್ಚಿಮದ ಮೂಲೆಯ ಕೆಲವು ಗಿಡಗಳಲ್ಲಿ ಅಂಚು ಸುಡುವುದು ಪೂರ್ತಿ ನಿಲ್ಲಲಿಲ್ಲ. ಅಲ್ಲಿ ಫ್ಯಾನ್ ಇಟ್ಟರು. ಏಪ್ರಿಲಿನ ಸೆಖೆಯಲ್ಲಿ ಬೆಳಗಿನ ಓದು ದಿನವೂ ಏರುತ್ತಿರುವುದನ್ನು ಕಂಡು ಸೋದರಳಿಯ ತಾನಾಗಿಯೇ ಗುರಿಯನ್ನು 1.2ಕ್ಕೆ ಇಳಿಸಿದ. ಗಿಡದ ನಡವಳಿಕೆ ನೋಡಿ ಅಂಕಿಯನ್ನು ಬದಲಿಸುವ ಧೈರ್ಯ ಆತನಿಗೆ ಬಂದದ್ದು ಈ ಪ್ರಕರಣದ ಅತಿ ದೊಡ್ಡ ಲಾಭವೆಂದು ನಾನು ಎಣಿಸುತ್ತೇನೆ.

ಮುಖ್ಯ ತೊಟ್ಟಿಯನ್ನೂ ಮಿಶ್ರಣದ ನೀರಿಗೆ ಬದಲಿಸಲು ಆರ್‌ಒ ಯಂತ್ರ ಕೊಂಡರು. ಅದು ಹೊರಹಾಕುವ ಉಪ್ಪಿನ ನೀರನ್ನು ಕೊಳವೆಬಾವಿಯ ಇಂಗುಗುಂಡಿಗೆ ಬಿಡುವ ಯೋಚನೆ ಮೊದಲಿತ್ತು. ಹಾಗೆ ಬಿಟ್ಟರೆ ತೆಗೆದ ಲವಣವನ್ನೇ ಮತ್ತೆ ಬಾವಿಗೆ ಸೇರಿಸಿದಂತಾಗುತ್ತಿತ್ತು. ಆದ್ದರಿಂದ ಅದನ್ನು ಉಪ್ಪು ತಾಳುವ ತೆಂಗಿನ ಸಾಲಿಗೆ ತಿರುಗಿಸಿದರು. ಮರುಪೂರಣ ಮಾಡಿದ ನೀರಿನ ಒಟ್ಟು ಪ್ರಮಾಣ ತೊಟ್ಟಿಯ ಎರಡರಷ್ಟಾದಾಗ ಮೀಟರ್ ಏನೇ ಹೇಳಲಿ ದ್ರಾವಣವನ್ನು ಪೂರ್ತಿ ಬದಲಿಸುವುದೆಂದು ನಿಗದಿ ಮಾಡಿಕೊಂಡರು. ನೋಟ್‌ಬುಕ್ಕಿನಲ್ಲಿ ಇಸಿ ಎಂಬ ಒಂದೇ ಕಲಂ ಇದ್ದ ಕಡೆ ಈಗ ನೀರಿನ ಇಸಿ, ಒಟ್ಟು ಇಸಿ, ಗೊಬ್ಬರದ ಪಾಲು, ಇಂದು ತುಂಬಿದ ಲೀಟರ್ ಎಂಬ ನಾಲ್ಕು ಕಲಂಗಳಿವೆ.

ಮಳೆಗಾಲಕ್ಕೆ ಮೊದಲು ಪಾಲಿಹೌಸಿನ ಚಾವಣಿಯ ನೀರನ್ನು ಪ್ಲಾಸ್ಟಿಕ್ ಹೊದಿಸಿದ ಕೃಷಿಹೊಂಡಕ್ಕೆ ತಿರುಗಿಸಿದರು. ಆ ನೀರಿನ ಇಸಿ 0.1ಕ್ಕಿಂತ ಕೆಳಗೆ. ಅದು ತುಂಬಿದ ಮೇಲೆ ಕೊಳವೆಬಾವಿ ನೀರನ್ನು ಪೂರ್ತಿ ಬಿಟ್ಟುಬಿಡುವ ಉತ್ಸಾಹ ಬೆಳೆಗಾರರಿಗಿತ್ತು. ಒಂದು ಡ್ರಮ್ಮಿನಲ್ಲಿ ಮಾಡಿ ನೋಡಿದಾಗ ಪಿಎಚ್ ಒಂದು ರಾತ್ರಿಯಲ್ಲೇ 5ಕ್ಕಿಂತ ಕೆಳಗೆ ಜಾರಿತು. ಹಿಡಿದು ನಿಲ್ಲಿಸುವ ಬೈಕಾರ್ಬನೇಟ್ ಅದರಲ್ಲಿ ಇರಲಿಲ್ಲ. ಆದ್ದರಿಂದ ಈಗ ಮೂರು ಪಾಲು ಮಳೆನೀರಿಗೆ ಒಂದು ಪಾಲು ಕೊಳವೆಬಾವಿ ನೀರು ಬೆರೆಸುತ್ತಾರೆ. ಲೀಟರಿಗೆ 20 ಮಿಲಿಗ್ರಾಂ ಕ್ಯಾಲ್ಸಿಯಂ, 7.5 ಮಿಲಿಗ್ರಾಂ ಮೆಗ್ನೀಸಿಯಂ ಅದರಿಂದಲೇ ಸಿಗುತ್ತದೆ, ಸೋಡಿಯಂ 15ರ ಆಸುಪಾಸಿನಲ್ಲಿ ಉಳಿಯುತ್ತದೆ. ಬೇಸಿಗೆಯ ಕೊನೆಗೆ ಕೊಳವೆಬಾವಿಯ ಮಟ್ಟ ಇಳಿದಾಗ ಅದರ ಇಸಿ ಬದಲಾಗಬಹುದಾದ್ದರಿಂದ, ಬರೀ ನೀರಿನ ಓದನ್ನು ವಾರಕ್ಕೊಮ್ಮೆ ತೆಗೆಯುವುದನ್ನೂ ವರದಿಯನ್ನು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಸುವುದನ್ನೂ ಮುಂದುವರಿಸಿದ್ದಾರೆ.